ನೂರಹತ್ತು ಕಿಲೋಮೀಟರ್ ವೇಗ, ಐದು ಮೀನು, ಒಂದು ಕೆಂಪು ದಾರ

ಇವತ್ತಿನ ವಿಷಯ ಗ್ರೂಪಲ್ಲಿ ಹಾಕಿದ ತಕ್ಷಣ ಒಬ್ರು ಮೆಸೇಜ್ ಮಾಡಿದ್ರು: "ಬ್ಯಾಸ್ ಫಿಶಿಂಗ್ ಅಂದ್ರೆ ಅಪ್ರೈಸಲ್ ಟೈಮಲ್ಲಿ ಬಾಸ್‌ಗೆ ಗಾಳ ಹಾಕೋದಾ ಸಾರ್?" ಅಂತ. ಅದಲ್ಲ. ಅದನ್ನ ಹೇಳಿಕೊಡೋಕೆ ನನಗಿಂತ ಸೀನಿಯರ್‌ಗಳು ಇಲ್ಲೇ ಕೂತಿದ್ದಾರೆ. (ನಗು)

ಬ್ಯಾಸ್ ಅನ್ನೋದು ಉತ್ತರ ಅಮೆರಿಕದ ಸಿಹಿನೀರಿನ ಮೀನು. ಲಾರ್ಜ್‌ಮೌತ್, ಸ್ಮಾಲ್‌ಮೌತ್, ಸ್ಪಾಟೆಡ್ ಅಂತ ಜಾತಿಗಳಿವೆ. ನಮ್ಮ ಲೆಕ್ಕದಲ್ಲಿ ದೊಡ್ಡ ಮೀನೇನಲ್ಲ. ಲಾರ್ಜ್‌ಮೌತ್‌ನ ವಿಶ್ವದಾಖಲೆ 22 ಪೌಂಡ್ 4 ಔನ್ಸ್, ಹತ್ತು ಕೆಜಿ ಅಂದುಕೊಳ್ಳಿ. 1932ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಜಾರ್ಜ್ ಪೆರ್ರಿ ಅನ್ನೋರು ಹಿಡಿದಿದ್ದು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಅದನ್ನ ಸರಿಗಟ್ಟಿದರು. 1946ರಲ್ಲಿ ನಮ್ಮ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮಹಶೀರ್ 120 ಪೌಂಡ್ ಇತ್ತು. ಹಾಗಾಗಿ ಗಾತ್ರದ ವಿಷಯಕ್ಕೆ ನಾವು ಅಮೆರಿಕನ್ನರ ಹತ್ರ ತಲೆ ತಗ್ಗಿಸಬೇಕಾಗಿಲ್ಲ. ಆದ್ರೆ ಈ ಚಿಕ್ಕ ಮೀನಿನ ಸುತ್ತ ಅವರು ಕಟ್ಟಿರೋ ಸ್ಪರ್ಧೆ ಇದೆಯಲ್ಲ, ಅದು ನಿಜಕ್ಕೂ ವಿಚಿತ್ರ.

ನಾನು ಎರಡು ವರ್ಷ ಡಲ್ಲಾಸ್‌ನಲ್ಲಿ ಕ್ಲೈಂಟ್ ಸೈಟಲ್ಲಿದ್ದೆ. ಅಲ್ಲಿನ ಟೆಸ್ಟಿಂಗ್ ಲೀಡ್ ಒಬ್ಬರು, ಐವತ್ತು ದಾಟಿದವರು, ಶನಿವಾರ ಶನಿವಾರ ಟೂರ್ನಮೆಂಟ್ ಆಡುತ್ತಿದ್ದರು. ಅವರ ಬೋಟಲ್ಲಿ ನಾಲ್ಕೈದು ಸಲ ಹೋಗಿದ್ದೇನೆ. ನಾನು ಮೀನು ಹಿಡಿದದ್ದು ಕಮ್ಮಿ, ನೋಡಿದ್ದು ಜಾಸ್ತಿ. ಅವರು ಬೋಟ್ ಸ್ಟಾರ್ಟ್ ಮಾಡೋ ಮೊದಲು ಮಾಡುತ್ತಿದ್ದ ಎರಡು ಮೂರು ನಿಮಿಷದ ಕೆಲಸ, ನಮ್ಮ ಕಡೆ ಯಾವ ಬೋಟಲ್ಲೂ ನಾನು ನೋಡಿರಲಿಲ್ಲ. ಇವತ್ತು ಹೇಳೋಕೆ ಹೊರಟಿರೋದು ಮುಖ್ಯವಾಗಿ ಅದನ್ನೇ. ಮೀನು ನೆಪ.

ಮೊದಲು ಆಟ ಏನು ಅಂತ ಬೇಗ ಹೇಳಿಬಿಡ್ತೀನಿ. ಬೆಳಿಗ್ಗೆ ಬೆಳಕು ಹರಿಯೋ ಹೊತ್ತಿಗೆ ನೂರಾರು ಬೋಟುಗಳು ದಡದ ಹತ್ರ ಸಾಲಾಗಿ ನಿಲ್ಲುತ್ತವೆ. ನಂಬರ್ ಪ್ರಕಾರ ಒಂದೊಂದಾಗಿ ಬಿಡ್ತಾರೆ. ಎಂಟು ಗಂಟೆ ಹೊತ್ತು ಸಮಯ. ಎಷ್ಟು ಮೀನು ಹಿಡಿದರೂ ಸಂಜೆ ತೂಕಕ್ಕೆ ತರಬಹುದಾದದ್ದು ಐದೇ ಐದು. ಆರನೇದು ಸಿಕ್ಕರೆ ಐದರಲ್ಲಿ ಚಿಕ್ಕದನ್ನ ನೀರಿಗೆ ಬಿಟ್ಟು ಇದನ್ನ ಇಟ್ಟುಕೊಳ್ಳಬೇಕು. ಸಿ ಪ್ಲಸ್ ಪ್ಲಸ್ ಓದಿದವರಿಗೆ ಇದು ಐದು ಸೈಜಿನ ಹೀಪ್. (ನಗು) ಬೋಟಿನೊಳಗೆ ಲೈವ್‌ವೆಲ್ ಅಂತ ನೀರಿನ ತೊಟ್ಟಿ ಇರುತ್ತೆ, ಪಂಪಿನಿಂದ ಗಾಳಿ ಹೋಗ್ತಾ ಇರುತ್ತೆ, ಮೀನು ಜೀವಂತ ಇರಬೇಕು. ಸತ್ತ ಮೀನು ತಂದರೆ ಒಂದಕ್ಕೆ ನಾಲ್ಕು ಔನ್ಸ್, ಅಂದ್ರೆ ನೂರು ಚಿಲ್ಲರೆ ಗ್ರಾಂ ಕಳೀತಾರೆ. ತೂಕ ಆದ ಮೇಲೆ ವಾಪಸ್ ನೀರಿಗೆ.

ಇದನ್ನೆಲ್ಲ ಶುರು ಮಾಡಿದ್ದು ರೇ ಸ್ಕಾಟ್. ಅಲಬಾಮಾದ ಮಾಂಟ್‌ಗೊಮರಿಯ ಇನ್ಶೂರೆನ್ಸ್ ಏಜೆಂಟ್. ಗಾಲ್ಫಿಗೆ ಟೂರ್ನಮೆಂಟ್ ಇದೆ, ಬೌಲಿಂಗಿಗೆ ಇದೆ, ಮೀನಿಗೆ ಯಾಕಿಲ್ಲ ಅನ್ನೋದು ಅವರ ತಲೆ. 1967ರ ಜೂನ್‌ನಲ್ಲಿ ಆರ್ಕನ್ಸಾದ ಬೀವರ್ ಸರೋವರದಲ್ಲಿ 106 ಜನರನ್ನ ತಲಾ ನೂರು ಡಾಲರ್ ಫೀ ಕಟ್ಟಿಸಿ ಸೇರಿಸಿದರು. ಮರುವರ್ಷ ಬಿ.ಎ.ಎಸ್.ಎಸ್. ಅನ್ನೋ ಸಂಸ್ಥೆ. 1971ರಲ್ಲಿ ಮೊದಲ ಬ್ಯಾಸ್‌ಮಾಸ್ಟರ್ ಕ್ಲಾಸಿಕ್: 24 ಜನ ಸ್ಪರ್ಧಿಗಳನ್ನ ವಿಮಾನ ಹತ್ತಿಸಿ, ಯಾವ ಸರೋವರಕ್ಕೆ ಹೋಗ್ತಿದ್ದೀವಿ ಅಂತ ವಿಮಾನ ಮೇಲೆ ಹಾರಿದ ಮೇಲೆ ಹೇಳಿದರಂತೆ. ಅದು ನೆವಾಡಾ-ಅರಿಜೋನಾ ಗಡಿಯ ಲೇಕ್ ಮೀಡ್. ಗೆದ್ದ ಬಾಬಿ ಮರ್ರಿಗೆ ಹತ್ತು ಸಾವಿರ ಡಾಲರ್. ಈಗ ಅದೇ ಕ್ಲಾಸಿಕ್ ಗೆದ್ದವರಿಗೆ ಮೂರು ಲಕ್ಷ ಡಾಲರ್. ಕಾಲೇಜು ಹುಡುಗರಿಗೆ ಬೇರೆ ಸೀರೀಸ್, ಹೈಸ್ಕೂಲಿಗೂ ಇದೆ. ನಮ್ಮ ಅಪ್ಪ ಅಮ್ಮಂದಿರಿಗೆ ಇದು ಗೊತ್ತಾಗದಿದ್ದದ್ದೇ ಒಳ್ಳೇದಾಯ್ತು. ಗೊತ್ತಾಗಿದ್ರೆ, ಹೊಳೆಗೆ ಹೋಗಿದ್ದಕ್ಕೆ ನಮಗೆ ಬಿದ್ದ ಏಟುಗಳಿಗೆ ಲೆಕ್ಕ ಕೇಳಬಹುದಿತ್ತು.

1972ರಲ್ಲಿ ಸ್ಕಾಟ್ ಇನ್ನೊಂದು ಕೆಲಸ ಮಾಡಿದರು: ಹಿಡಿದ ಮೀನನ್ನ ಕೊಲ್ಲಬೇಡಿ, ವಾಪಸ್ ಬಿಡಿ. ಇದು ಬರೀ ಕರುಣೆ ಅಲ್ಲ. ಟೂರ್ನಮೆಂಟ್ ಸಂಜೆಗಳಲ್ಲಿ ಸತ್ತ ಮೀನಿನ ರಾಶಿ ನೋಡಿ ಸ್ಥಳೀಯರು ಬೈತಿದ್ದರು, ಹಾಗೇ ಮುಂದುವರಿದರೆ ಆಟಕ್ಕೇ ಸರೋವರ ಸಿಗ್ತಿರಲಿಲ್ಲ. ಕಾವೇರಿಯಲ್ಲೂ, ಭೀಮೇಶ್ವರಿ, ದೊಡ್ಡಮಕ್ಕಳಿ ಕಡೆ, ಮಹಶೀರ್‌ಗೆ ಗಾಳ ಹಾಕೋರು ಹಿಡಿದು ಬಿಡೋ ಪದ್ಧತಿ ಇಟ್ಟುಕೊಂಡಿದ್ದರು. ಹರಿಗೋಲು, ಗಾಳಕ್ಕೆ ರಾಗಿ ಹಿಟ್ಟಿನ ಉಂಡೆ. ರಾಗಿಮುದ್ದೆಗೆ ಆಸೆಪಡೋ ಮೀನು ನಮ್ಮದೇ ಇರಬೇಕು.

ಈಗ ಬೋಟಿಗೆ ಬರೋಣ.

ಬ್ಯಾಸ್ ಬೋಟ್ ಅಂದ್ರೆ ಇಪ್ಪತ್ತು, ಇಪ್ಪತ್ತೊಂದು ಅಡಿ ಉದ್ದದ ಫೈಬರ್‌ಗ್ಲಾಸ್ ಬೋಟು. ಚಪ್ಪಟೆ, ತಗ್ಗು. ನಿಂತು ಗಾಳ ಎಸೀಬೇಕಲ್ಲ, ಅದಕ್ಕೆ ಸುತ್ತ ಗೋಡೆ ಅಂತ ಏನೂ ಇರಲ್ಲ. ಹಿಂದೆ 250 ಹಾರ್ಸ್‌ಪವರ್ ಎಂಜಿನ್. ನಮ್ಮ ಸಾಧಾರಣ ಕಾರು ಎಂಬತ್ತು, ತೊಂಬತ್ತು ಹಾರ್ಸ್‌ಪವರ್ ಇರುತ್ತೆ. ಫುಲ್ ಬಿಟ್ಟರೆ ಗಂಟೆಗೆ 70 ಮೈಲಿ, ನೂರಹತ್ತು ಕಿಲೋಮೀಟರ್. ಬ್ರೇಕ್ ಇಲ್ಲ, ಸೀಟ್‌ಬೆಲ್ಟ್ ಇಲ್ಲ. ಪುಣೆ ಮುಂಬೈ ಎಕ್ಸ್‌ಪ್ರೆಸ್‌ವೇ ಮೇಲೆ ಮೇಲ್ಛಾವಣಿ ಇಲ್ಲದ ಟೆಂಪೋದಲ್ಲಿ, ಹಿಡಿಕೆ ಒಂದನ್ನೇ ಹಿಡ್ಕೊಂಡು ಕೂತಿದ್ದೀರಿ ಅಂದುಕೊಳ್ಳಿ. ರಸ್ತೆ ಮಾತ್ರ ಅಲ್ಲಾಡ್ತಾ ಇದೆ.

ಇಷ್ಟು ವೇಗ ಯಾಕೆ? ಎಂಟು ಗಂಟೆಯಲ್ಲಿ ಮೀನಿರೋ ಜಾಗಕ್ಕೆ ಎಲ್ಲರಿಗಿಂತ ಮೊದಲು ಹೋಗಬೇಕು. ಸಂಜೆ ಸರಿಯಾದ ಸಮಯಕ್ಕೆ ವಾಪಸ್ ಬರಬೇಕು. ತಡವಾದರೆ ನಿಮಿಷಕ್ಕೆ ಒಂದು ಪೌಂಡ್ ಕಟ್, ಹದಿನೈದು ನಿಮಿಷ ದಾಟಿದರೆ ಆ ದಿನದ ಅಷ್ಟೂ ತೂಕ ಸೊನ್ನೆ. ಇದನ್ನ ಎಂಜಿನಿಯರ್ ಕಣ್ಣಲ್ಲಿ ನೋಡಿ. ನಿಮಿಷಕ್ಕೆ ಅರ್ಧ ಕೆಜಿ ಹೋಗುತ್ತೆ ಅಂದ್ರೆ ಮನುಷ್ಯ ಏನು ಮಾಡ್ತಾನೆ? ಗಾಳಿ ಎದ್ದಿದ್ದರೂ, ಅಲೆ ಮೂರಡಿ ಇದ್ದರೂ, ಸುತ್ತಿ ಬರೋ ಬದಲು ನಡುನೀರಿಗೇ ಬೋಟ್ ನುಗ್ಗಿಸ್ತಾನೆ. ಕೆಪಿಐ ತಪ್ಪಾಗಿಟ್ಟರೆ ಮನುಷ್ಯರು ಹೇಗೆ ನಡ್ಕೊಳ್ತಾರೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೂರು ದಿನದ ಕೆಲಸಕ್ಕೆ ಒಂದು ದಿನದ ಎಸ್ಟಿಮೇಟ್ ಕೊಟ್ಟು ಶುಕ್ರವಾರ ರಾತ್ರಿ ಪ್ರೊಡಕ್ಷನ್‌ಗೆ ತಳ್ಳಿದವರೇ ಅಲ್ವಾ ನಾವೆಲ್ಲ.

ಅಂದ್ರೆ ಆಟವೇ ಅಪಾಯಕ್ಕೆ ಬಹುಮಾನ ಕೊಡ್ತಿದೆ. ಹಾಗಾಗಿ ಸ್ಕಾಟ್ ತನ್ನ ಟೂರ್ನಮೆಂಟಲ್ಲಿ ಎರಡು ನಿಯಮ ತಂದರು. ದೊಡ್ಡ ಎಂಜಿನ್ ಓಡ್ತಿರೋವಾಗ ಲೈಫ್ ಜಾಕೆಟ್ ಮೈಮೇಲೆ ಇರಬೇಕು, ಬಕಲ್ ಹಾಕಿರಬೇಕು. ಎರಡನೇದು ಕಿಲ್ ಸ್ವಿಚ್. ಬೆಳಿಗ್ಗೆ ಹೊರಡೋವಾಗ ಪ್ರತಿ ಬೋಟನ್ನೂ ಅಧಿಕಾರಿ ನಿಲ್ಲಿಸಿ, ಲೈವ್‌ವೆಲ್ ಖಾಲಿ ಇದೆಯಾ, ಕಿಲ್ ಸ್ವಿಚ್ ಕೆಲಸ ಮಾಡುತ್ತಾ ಅಂತ ನೋಡಿಯೇ ಬಿಡೋದು. ಮೂರು ಲಕ್ಷ ಡಾಲರ್ ಗೆದ್ದವನಿಗೂ ಅದೇ, ಮೊನ್ನೆ ಬಂದವನಿಗೂ ಅದೇ.

ಇದರಲ್ಲಿ ನನಗೆ ಇಷ್ಟವಾದದ್ದು ಏನು ಅಂದ್ರೆ, ಎಲ್ಲರಿಗೂ ಕಡ್ಡಾಯ ಮಾಡಿದ ಕೂಡಲೇ ಅದು ಯಾರಿಗೂ ನಷ್ಟ ಅಲ್ಲ. ಒಬ್ಬನೇ ಜಾಕೆಟ್ ಹಾಕಿದರೆ "ಅಯ್ಯೋ, ಹೆದರುಪುಕ್ಕಲ" ಅಂತಾರೆ. ನೂರು ಜನಾನೂ ಹಾಕಿದರೆ ಅದು ಯೂನಿಫಾರ್ಮ್. ಹುಡುಗರು ಟಿವಿಯಲ್ಲಿ ತಮ್ಮ ಹೀರೋ ಜಾಕೆಟ್ ಹಾಕಿರೋದನ್ನ ನೋಡಿಯೇ ಬೆಳೀತಾರೆ.

ಕಿಲ್ ಸ್ವಿಚ್ ಬಗ್ಗೆ ಸ್ವಲ್ಪ ಹೊತ್ತು ಮಾತಾಡ್ತೀನಿ, ಯಾಕಂದ್ರೆ ನನ್ನ ಪ್ರಕಾರ ಇಡೀ ಬೋಟಲ್ಲಿ ಅತಿ ಜಾಣತನದ ಭಾಗ ಅದೇ, ಬೆಲೆ ನೋಡಿದ್ರೆ ಅತಿ ಅಗ್ಗದ್ದೂ ಅದೇ. ಹಳೇ ಲ್ಯಾಂಡ್‌ಲೈನ್ ಫೋನಿನ ಸುರುಳಿ ವೈರ್ ನೆನಪಿದೆಯಲ್ಲ, ಹಾಗಿರೋ ಒಂದು ಕೆಂಪು ದಾರ. ಒಂದು ತುದಿ ಡ್ರೈವರ್‌ನ ಜಾಕೆಟ್‌ಗೆ, ಇನ್ನೊಂದು ತುದಿ ಸ್ಟೇರಿಂಗ್ ಹತ್ರದ ಸ್ವಿಚ್ಚಿಗೆ. ಡ್ರೈವರ್ ಸೀಟಿಂದ ಆಚೆ ಬಿದ್ದರೆ ದಾರ ಕಿತ್ತು ಬರುತ್ತೆ, ಎಂಜಿನ್ ಆಫ್. ಅಷ್ಟೇ. ಎಂಬೆಡೆಡ್ ಮಾಡಿದವರಿಗೆ ವಾಚ್‌ಡಾಗ್ ಟೈಮರ್ ಗೊತ್ತು: "ನಾನಿದ್ದೀನಿ, ನಾನಿದ್ದೀನಿ" ಅಂತ ಪ್ರೋಗ್ರಾಮ್ ಹೇಳ್ತಾ ಇರಬೇಕು, ಸುಮ್ಮನಾದರೆ ಸಿಸ್ಟಮ್ ರೀಸೆಟ್. ಇಲ್ಲೂ ಅದೇ ಲಾಜಿಕ್. ಡ್ರೈವರ್ ಏನೂ ಮಾಡಬೇಕಾಗಿಲ್ಲ, ಬಟನ್ ಒತ್ತೋಕೆ ನೆನಪಿರಬೇಕಾಗಿಲ್ಲ. ಅವನು ಇಲ್ಲದಿರೋದೇ ಸಿಗ್ನಲ್.

ಡ್ರೈವರ್ ಬಿದ್ದ ಮೇಲೆ ಬೋಟ್ ಮುಂದೆ ಹೋಗುತ್ತೆ, ಹೋಗಲಿ ಬಿಡಿ, ಇವನು ಈಜಿಕೊಂಡು ದಡ ಸೇರ್ತಾನೆ ಅಂತ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿ ಕೇಳಿದ್ದೆ. ಬೋಟ್ ನೇರ ಹೋಗಲ್ಲ. ಪ್ರೊಪೆಲ್ಲರ್ ಒಂದೇ ದಿಕ್ಕಿಗೆ ತಿರುಗ್ತಿರೋದರಿಂದ ಎಂಜಿನ್ ಒಂದು ಪಕ್ಕಕ್ಕೆ ಎಳೀತಿರುತ್ತೆ, ಸ್ಟೇರಿಂಗ್ ಹಿಡಿದ ಕೈ ಬಿಟ್ಟ ತಕ್ಷಣ ಎಂಜಿನ್ ಪೂರ್ತಿ ತಿರುಗಿಬಿಡುತ್ತೆ. ಬೋಟ್ ಚಿಕ್ಕ ವೃತ್ತದಲ್ಲಿ ಸುತ್ತುತ್ತಾ, ಬಿದ್ದ ಮನುಷ್ಯ ಇರೋ ಜಾಗಕ್ಕೇ ವಾಪಸ್ ಬರುತ್ತೆ. ಅಲ್ಲಿಯವರು ಇದಕ್ಕೆ "ಸರ್ಕಲ್ ಆಫ್ ಡೆತ್" ಅಂತಾರೆ. ಪೆಟ್ರೋಲ್ ಮುಗಿಯೋವರೆಗೆ ಅಥವಾ ಏನಕ್ಕಾದರೂ ಹೊಡೆಯೋವರೆಗೆ ಸುತ್ತುತ್ತೆ.

ಒಂದು ಲೆಕ್ಕ ಹಾಕೋಣ. ಪ್ರೊಪೆಲ್ಲರ್ ನಿಮಿಷಕ್ಕೆ 3200 ಸುತ್ತು, ಮೂರು ರೆಕ್ಕೆ. 3200 ಗುಣಿಸು 3, ಭಾಗಿಸು 60. ಸೆಕೆಂಡಿಗೆ 160. ಒಂದು ಸೆಕೆಂಡ್ ಮೇಲೆ ಹಾದು ಹೋದರೆ 160 ಏಟು. ಇದಕ್ಕಿಂತ ಹೆಚ್ಚು ವಿವರಿಸೋದು ಬೇಡ, ಮಕ್ಕಳೂ ಇದ್ದಾರೆ.

ಟೂರ್ನಮೆಂಟಲ್ಲಿ ಈ ನಿಯಮ ದಶಕಗಳಿಂದ ಇತ್ತು. ಅಮೆರಿಕದ ಸರ್ಕಾರ ಎಲ್ಲರಿಗೂ ಕಾನೂನು ಮಾಡಿದ್ದು ತೀರಾ ಇತ್ತೀಚೆಗೆ. 2021ರ ಏಪ್ರಿಲ್ 1ರಿಂದ, 26 ಅಡಿಗಿಂತ ಚಿಕ್ಕ ಬೋಟು, 3 ಹಾರ್ಸ್‌ಪವರ್ ಅಥವಾ ಅದಕ್ಕಿಂತ ಹೆಚ್ಚಿನ ಎಂಜಿನ್ ಇದ್ದರೆ, ವೇಗದಲ್ಲಿ ಹೋಗೋವಾಗ ಕಿಲ್ ಸ್ವಿಚ್ ಸಿಕ್ಕಿಸಿಕೊಂಡಿರಲೇಬೇಕು. ಮೊದಲ ಸಲ ಸಿಕ್ಕಿಬಿದ್ದರೆ ನೂರು ಡಾಲರ್ ದಂಡ. ಈಗ ದಾರ ಇಲ್ಲದ ವೈರ್‌ಲೆಸ್ ಮಾಡೆಲ್ ಕೂಡ ಬಂದಿದೆ. ಕಾರಿನ ಕೀ ಥರದ ಫಾಬ್ ಜೇಬಲ್ಲಿರುತ್ತೆ, ಅದು ನೀರಲ್ಲಿ ಮುಳುಗಿದರೆ ಸಿಗ್ನಲ್ ಕಟ್, ಎಂಜಿನ್ ನಿಲ್ಲುತ್ತೆ. ನನ್ನ ಸ್ವಂತ ಅಭಿಪ್ರಾಯ ಕೇಳಿದರೆ ದಾರವೇ ಮೇಲು. ಬ್ಯಾಟರಿ ಇಲ್ಲ, ಪೇರಿಂಗ್ ಇಲ್ಲ, ಫರ್ಮ್‌ವೇರ್ ಅಪ್‌ಡೇಟ್ ಇಲ್ಲ. ಸಾಫ್ಟ್‌ವೇರ್‌ನವನೇ ಹೀಗೆ ಹೇಳ್ತಿದ್ದಾನೆ ಅಂದ್ರೆ ನಂಬಿ.

ಆ ಟೆಸ್ಟಿಂಗ್ ಲೀಡ್ ಏನು ಮಾಡ್ತಿದ್ದರು ಅಂದ್ನಲ್ಲ. ಎಂಜಿನ್ ಆನ್ ಮಾಡಿ, ದಡದಲ್ಲೇ, ದಾರ ಕೈಯಲ್ಲಿ ಕಿತ್ತು ಎಂಜಿನ್ ನಿಲ್ಲುತ್ತಾ ನೋಡ್ತಿದ್ದರು. ಪ್ರತಿ ಸಲ. ಆಮೇಲೆ ನನ್ನ ಜಾಕೆಟ್‌ನ ಹೆಗಲ ಹತ್ರ ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಎಳೀತಿದ್ದರು. ಕಿವಿ ಹತ್ರ ಬಂದರೆ ಸಡಿಲ ಆಯ್ತು ಅಂತ, ಇನ್ನೂ ಬಿಗಿ ಮಾಡು. ಕೊನೆಗೆ ಹಿಂದಿನ ಏಣಿ ತೋರಿಸಿ, "ನಾನು ಬಿದ್ದರೆ ಎಂಜಿನ್ ಹೀಗೆ ಆಫ್ ಮಾಡು, ಇದನ್ನ ಹೀಗೆ ಇಳಿಸು" ಅಂತ ಹೇಳಿ, ನನ್ನ ಕೈಯಲ್ಲೇ ಮಾಡಿಸ್ತಿದ್ದರು. ಟೆಸ್ಟಿಂಗ್‌ನವರ ಬುದ್ಧಿ ಎಲ್ಲಿ ಹೋದರೂ ಹೋಗಲ್ಲ, ಏನ್ ಮಾಡೋಣ.

ಇನ್ನು ಜಾಕೆಟ್. ಅಮೆರಿಕದ ಕೋಸ್ಟ್ ಗಾರ್ಡ್ ಪ್ರತಿ ವರ್ಷ ಬೋಟ್ ಅಪಘಾತಗಳ ಲೆಕ್ಕ ಕೊಡುತ್ತೆ. 2023ರಲ್ಲಿ ಮನರಂಜನೆಗೆ ಬೋಟಿಂಗ್ ಮಾಡ್ತಾ ಸತ್ತವರು 564 ಜನ. ಕಾರಣ ಗೊತ್ತಿರೋ ಸಾವುಗಳಲ್ಲಿ 75 ಪರ್ಸೆಂಟ್ ಮುಳುಗಿ ಸತ್ತವರು. ಹಾಗೆ ಮುಳುಗಿದವರಲ್ಲಿ 87 ಪರ್ಸೆಂಟ್ ಜನ ಜಾಕೆಟ್ ಹಾಕಿರಲಿಲ್ಲ. ಗಮನಿಸಿ, ಇದು ಬೋಟಲ್ಲಿ ಜಾಕೆಟ್ ಇಲ್ಲದ ದೇಶದ ಲೆಕ್ಕ ಅಲ್ಲ. ಅಲ್ಲಿ ತಲೆಗೊಂದು ಜಾಕೆಟ್ ಬೋಟಲ್ಲಿ ಇರಲೇಬೇಕು ಅಂತ ಕಾನೂನಿದೆ. ಸೀಟಿನ ಕೆಳಗೆ ಇತ್ತು, ಮೈಮೇಲೆ ಇರಲಿಲ್ಲ.

"ಬಿದ್ದರೆ ಆಗ ಹಾಕ್ಕೊಂಡ್ರಾಯ್ತು" ಅನ್ನೋರಿಗೆ ಒಂದು ಪ್ರಯೋಗ. ಸ್ವಿಮ್ಮಿಂಗ್ ಪೂಲಲ್ಲಿ, ಪಕ್ಕದಲ್ಲಿ ಗಾರ್ಡ್ ಇದ್ದಾಗ, ಎದೆಮಟ್ಟದ ನೀರಲ್ಲಿ ನಿಂತು ಜಾಕೆಟ್ ಹಾಕಿ ಬಕಲ್ ಹಾಕೋಕೆ ನೋಡಿ. ಅದು ಮೇಲೆ ಮೇಲೆ ಏಳುತ್ತೆ, ನಿಮ್ಮ ಕೈ ಸಿಗಲ್ಲ. ನೆಲ ಕಾಲಿಗೆ ಸಿಗ್ತಿರೋವಾಗಲೇ ಹೀಗೆ.

ತೇಲೋಕೆ ಎಷ್ಟು ಬೇಕು ಅನ್ನೋದೂ ಸ್ವಾರಸ್ಯದ ಲೆಕ್ಕ. ನಮ್ಮ ದೇಹದ ಬಹುಪಾಲು ತಾನೇ ತೇಲುತ್ತೆ. ತಲೆ ನೀರಿನ ಮೇಲೆ ಉಳಿಯೋಕೆ ವಯಸ್ಕರಿಗೆ ಹೆಚ್ಚುವರಿ ಬೇಕಾದದ್ದು 7ರಿಂದ 12 ಪೌಂಡ್, ಮೂರರಿಂದ ಐದೂವರೆ ಕೆಜಿ ಅಷ್ಟೇ. ಸಾಮಾನ್ಯ ಫೋಮ್ ಜಾಕೆಟ್ 15.5 ಪೌಂಡ್ ಕೊಡುತ್ತೆ. ನೀವು ಎಂಬತ್ತು ಕೆಜಿ ಇದ್ದೀರಿ, ಜಾಕೆಟ್ ಇಷ್ಟು ಹಗುರ, ಇದೇನು ಹೊರುತ್ತೆ ಅಂತ ಅನುಮಾನ ಬೇಡ.

ಗಾಳಿ ತುಂಬೋ ಜಾಕೆಟ್‌ಗಳೂ ಇವೆ, ಸಸ್ಪೆಂಡರ್ ಥರ ಹೆಗಲ ಮೇಲೆ ಇರುತ್ತೆ, ನೀರಿಗೆ ಬಿದ್ದರೆ ಸಿಲಿಂಡರಿನ ಗ್ಯಾಸ್ ತುಂಬಿಕೊಳ್ಳುತ್ತೆ. ಬಿಸಿಲಲ್ಲಿ ಇಡೀ ದಿನ ನಿಲ್ಲೋ ಆಟಗಾರರಿಗೆ ಇಷ್ಟ. ಕೆಲವು ಮಾದರಿಯಲ್ಲಿ ನೀರಲ್ಲಿ ಕರಗೋ ಗುಳಿಗೆ ಇರುತ್ತೆ, ಅದು ಜೋರು ಮಳೆಗೂ ಕರಗಿ, ಮನುಷ್ಯ ನಿಂತಲ್ಲೇ ಬಲೂನ್ ಆಗಿಬಿಡ್ತಾನೆ. ಇನ್ನು ಕೆಲವು ನೀರಿನ ಒತ್ತಡಕ್ಕೆ ಮಾತ್ರ ತೆರೆದುಕೊಳ್ಳುತ್ತೆ. ಏನೇ ಇರಲಿ, ಈಜು ಬಾರದವರಿಗೆ, ಚಿಕ್ಕ ಮಕ್ಕಳಿಗೆ ಈ ಜಾತಿ ಬೇಡ. ಫೋಮ್ ಹಾಕಿ. ಫೋಮ್‌ಗೆ ಸಿಲಿಂಡರ್ ಖಾಲಿಯಾಗೋ ಭಯ ಇಲ್ಲ.

ಈಜು ಬರೋವರಿಗೂ ಒಂದು ಮಾತು. ನಾನು ಸಾಗರದ ಕಡೆಯವನು, ಕೆರೆ ಬಾವಿಯಲ್ಲೇ ಈಜು ಕಲಿತದ್ದು. ನಮ್ಮಲ್ಲಿ ಬಹಳ ಜನರಿಗೆ "ನಂಗೆ ಈಜು ಬರುತ್ತಪ್ಪ" ಅನ್ನೋದು ಒಂದು ಸರ್ಟಿಫಿಕೇಟ್. ತಣ್ಣೀರಿಗೆ ಆ ಸರ್ಟಿಫಿಕೇಟ್ ಲೆಕ್ಕಕ್ಕಿಲ್ಲ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗೋರ್ಡನ್ ಗೀಸ್‌ಬ್ರೆಕ್ಟ್ ಅನ್ನೋ ವಿಜ್ಞಾನಿ ಇದನ್ನ 1-10-1 ಅಂತ ನೆನಪಿಟ್ಟುಕೊಳ್ಳೋ ಹಾಗೆ ಹೇಳ್ತಾರೆ. ಕೊರೆಯೋ ನೀರಿಗೆ ಬಿದ್ದ ಮೊದಲ ಒಂದು ನಿಮಿಷ ಉಸಿರು ನಮ್ಮ ಮಾತು ಕೇಳಲ್ಲ. ಬಿದ್ದ ಕ್ಷಣ ತಾನಾಗೇ "ಹಾ" ಅಂತ ಒಂದು ದೊಡ್ಡ ಉಸಿರು ಎಳ್ಕೊಳ್ತೀವಿ, ಆಗ ಬಾಯಿ ನೀರಿನ ಕೆಳಗಿದ್ದರೆ ಮುಗೀತು. ಆಮೇಲೆ ಹತ್ತು ನಿಮಿಷ ಕೈಕಾಲು ಕೆಲಸ ಮಾಡುತ್ತೆ. ಅದಾದ ಮೇಲೆ ಬೆರಳು ಮಡಚೋಕೂ ಆಗಲ್ಲ, ಎಂಥ ಈಜುಗಾರನೂ ಈಜಲಾರ. ಪ್ರಜ್ಞೆ ಹೋಗೋಕೆ ಇನ್ನೂ ಒಂದು ಗಂಟೆ ಇರುತ್ತೆ. ಅಂದ್ರೆ ಚಳಿಗೆ ಸಾಯೋ ಮೊದಲೇ ಮುಳುಗಿ ಸಾಯೋದು. ಆ ಒಂದು ಗಂಟೆ ಸಿಗೋದು ಜಾಕೆಟ್ ಹಾಕಿದವನಿಗೆ ಮಾತ್ರ.

ಬ್ಯಾಸ್ ಸೀಸನ್‌ನ ದೊಡ್ಡ ಟೂರ್ನಮೆಂಟ್‌ಗಳು ಎಷ್ಟೋ ಫೆಬ್ರವರಿ, ಮಾರ್ಚಲ್ಲೇ. ನೀರು ಹತ್ತು ಡಿಗ್ರಿ ಆಸುಪಾಸು. ನಮ್ಮ ಪವನಾ, ಮುಳಶಿ ನೀರು ಅಷ್ಟು ತಣ್ಣಗಿರಲ್ಲ, ನಿಜ. ಆದ್ರೆ ದೆಹಲಿ, ಗುರುಗ್ರಾಮದಿಂದ ಕೇಳ್ತಿರೋರು ಲಾಂಗ್ ವೀಕೆಂಡ್ ಸಿಕ್ಕರೆ ರಿಷಿಕೇಶಕ್ಕೆ ಹೋಗ್ತೀರಲ್ಲ, ಅಲ್ಲಿ ಗಂಗೆ ಹಿಮದ ನೀರು. ನಮ್ಮೂರ ಕೆರೆ ಈಜನ್ನ ಅಲ್ಲಿ ತೋರಿಸೋಕೆ ಹೋಗಬೇಡಿ.

ಜಲಾಶಯಗಳ ಇನ್ನೊಂದು ಗುಣ, ಸಾಗರದವನಾಗಿ ನಂಗೆ ಬೇಗ ಅರ್ಥವಾದದ್ದು: ಮುಳುಗಿದ ಕಾಡು. 1964ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ ಶರಾವತಿ ಹಿನ್ನೀರಲ್ಲಿ ಊರು, ತೋಟ, ಕಾಡು ಎಲ್ಲ ಮುಳುಗಿತು. ಬೇಸಿಗೆಯಲ್ಲಿ ನೀರಿಳಿದಾಗ ಸತ್ತ ಮರಗಳ ಬೊಡ್ಡೆಗಳು ತಲೆ ಎತ್ತಿ ನಿಂತಿರೋದನ್ನ ಸಿಗಂದೂರು ಲಾಂಚಲ್ಲಿ ಹೋದವರೆಲ್ಲ ನೋಡಿದ್ದೀರಿ. ಟೆಕ್ಸಸ್ ಮತ್ತು ಲೂಸಿಯಾನಾ ಗಡಿಯ ಟೊಲೆಡೊ ಬೆಂಡ್ ಕೂಡ ಅರವತ್ತರ ದಶಕದಲ್ಲೇ ಕಟ್ಟಿದ್ದು, ಅಲ್ಲೂ ನೀರೊಳಗೆ ಕಾಡು ಹಾಗೇ ನಿಂತಿದೆ. ಬ್ಯಾಸ್ ಮೀನು ಅಡಗಿಕೊಳ್ಳೋದೇ ಆ ಬೊಡ್ಡೆಗಳ ಸಂದಿಯಲ್ಲಿ. ಮೀನು ಬೇಕಾದರೆ ಬೊಡ್ಡೆ ಹತ್ರ ಹೋಗಬೇಕು, ಬೊಡ್ಡೆಗೆ ನೂರರ ವೇಗದಲ್ಲಿ ಹೊಡೆದರೆ ಬೋಟ್ ನಿಲ್ಲುತ್ತೆ, ನೀವು ನಿಲ್ಲಲ್ಲ. ಅದಕ್ಕೆ ಅಲ್ಲಿ ಮರ ಕಡಿದು ಬೋಟ್ ಓಡಿಸೋ ದಾರಿ ಮಾಡಿ ಗುರುತು ಹಾಕಿದ್ದಾರೆ. ವೇಗ ಆ ದಾರಿಯಲ್ಲಿ ಮಾತ್ರ. ದಾರಿ ಬಿಟ್ಟರೆ ಮುಂದಿನ ಚಿಕ್ಕ ಎಲೆಕ್ಟ್ರಿಕ್ ಮೋಟಾರಲ್ಲಿ ಆಮೆ ಥರ.

ನಿಯಮ ಇಷ್ಟಿದ್ದೂ ಎಲ್ಲ ಸರಿಯಾಗಿದೆ ಅಂತ ನಾನು ಹೇಳ್ತಿಲ್ಲ. 2025ರ ಏಪ್ರಿಲ್ 16ರಂದು ಅಲಬಾಮಾದ ಲೂಯಿಸ್ ಸ್ಮಿತ್ ಸರೋವರದಲ್ಲಿ ಮೇಜರ್ ಲೀಗ್ ಫಿಶಿಂಗ್‌ನ ಒಂದು ಟೂರ್ನಮೆಂಟ್ ನಡೀತಿದ್ದಾಗ, ಸ್ಪರ್ಧಿಯ ಬೋಟಿಗೂ ಇನ್ನೊಂದು ಬೋಟಿಗೂ ಡಿಕ್ಕಿಯಾಗಿ ಮೂರು ಜನ ಸತ್ತರು. ಸ್ಪರ್ಧೆ ಅಲ್ಲಿಗೇ ರದ್ದಾಯಿತು. ಕಿಲ್ ಸ್ವಿಚ್, ಜಾಕೆಟ್ ಎರಡೂ ಬೋಟ್ ಒಳಗಿನವನ ರಕ್ಷಣೆಗೆ. ಎದುರಿಂದ ಬರೋವರಿಗೆ ಅವು ಏನೂ ಮಾಡಲ್ಲ. ಬೋಟ್ ವೇಗ ಹಿಡಿಯೋವಾಗ ಮೂತಿ ಮೇಲೆದ್ದು ಕೆಲವು ಸೆಕೆಂಡ್ ಮುಂದೆ ಏನಿದೆ ಕಾಣಲ್ಲ. ಅಂಥ ಬೋಟನ್ನ ಸಾರ್ವಜನಿಕ ಸರೋವರದಲ್ಲಿ ನೂರರ ಮೇಲೆ ಓಡಿಸೋದು ಬೇಕಾ ಅನ್ನೋ ಪ್ರಶ್ನೆ ಅಲ್ಲಿಯ ಆಟಗಾರರಲ್ಲೇ ಇದೆ. ನಿಮಿಷಕ್ಕೊಂದು ಪೌಂಡ್ ನಿಯಮವನ್ನೂ ಸಡಿಲ ಮಾಡಬೇಕು ಅಂತ ನನ್ನ ಅಭಿಪ್ರಾಯ. ಗಾಳಿ ಹೆಚ್ಚಿದ್ದರೆ, ಮಂಜು ಕವಿದಿದ್ದರೆ ಟೂರ್ನಮೆಂಟ್ ಡೈರೆಕ್ಟರ್ ಬೆಳಿಗ್ಗೆ ಬಿಡೋದನ್ನ ತಡ ಮಾಡ್ತಾರೆ, ಇಡೀ ದಿನಾನೇ ರದ್ದು ಮಾಡೋದೂ ಉಂಟು. ಆದ್ರೆ ಮಧ್ಯಾಹ್ನ ಎದ್ದ ಗಾಳಿಗೆ ನಡುನೀರಲ್ಲಿ ಒಬ್ಬನೇ ಇರೋವನು ತಾನೇ ತೀರ್ಮಾನ ತಗೋಬೇಕು, ಅವನ ತಲೆಯಲ್ಲಿ ಗಡಿಯಾರ ಓಡ್ತಿರುತ್ತೆ.

ಇನ್ನೊಂದು ತೂತು: ಜಾಕೆಟ್ ನಿಯಮ ದೊಡ್ಡ ಎಂಜಿನ್ ಓಡೋವಾಗ ಮಾತ್ರ. ಎಂಜಿನ್ ಆಫ್ ಮಾಡಿ ಮುಂದೆ ನಿಂತು ಗಾಳ ಎಸೆಯೋವಾಗ ಬಿಚ್ಚಿಡಬಹುದು. ಅಲ್ಲಿ ಕಾಲಿಗೆ ಸಿಗೋ ಹಗ್ಗ, ಒದ್ದೆ ನೆಲ, ಕಣ್ಣು ಪೂರ್ತಿ ಸೋನಾರ್ ಸ್ಕ್ರೀನ್ ಮೇಲೆ. 2018ರಲ್ಲಿ ಲೈವ್‌ಸ್ಕೋಪ್ ಬಂದ ಮೇಲೆ ಮೀನು ನೀರೊಳಗೆ ಅಲ್ಲಾಡೋದೂ ಸ್ಕ್ರೀನಲ್ಲಿ ಕಾಣುತ್ತೆ, ಅಲ್ಲೂ ನಮ್ಮ ಥರಾನೇ ದಿನವಿಡೀ ಮಾನಿಟರ್ ನೋಡೋದು. ನನ್ನ ಟೆಸ್ಟಿಂಗ್ ಲೀಡ್ ಒಬ್ಬರೇ ಹೋದ ದಿನ ಜಾಕೆಟ್ ಬಿಚ್ಚುತ್ತಲೇ ಇರಲಿಲ್ಲ. "ಒಬ್ಬನೇ ಇದ್ದಾಗ ನನ್ನ ಹೆಂಡತಿಗೆ ಫೋನ್ ಮಾಡೋವರು ಯಾರೂ ಇರಲ್ಲ" ಅನ್ನೋದು ಅವರ ಲೆಕ್ಕ.

ಇದೆಲ್ಲ ನಮಗ್ಯಾಕೆ ಅಂತ ಕೇಳ್ತೀರಿ. ನಾವು ಬ್ಯಾಸ್ ಹಿಡಿಯೋಕೆ ಹೋಗಲ್ಲ, ಆದ್ರೆ ಟೀಮ್ ಔಟಿಂಗ್‌ಗೆ ಹೋಗ್ತೀವಿ. ಹೋದ ವರ್ಷ ಪುಣೆ ಹತ್ರದ ಒಂದು ರೆಸಾರ್ಟಿಗೆ ಹೋಗಿದ್ವಿ. ಸ್ಪೀಡ್‌ಬೋಟ್ ರೈಡ್ ಪ್ಯಾಕೇಜಲ್ಲೇ ಇತ್ತು. ಜಾಕೆಟ್‌ಗಳಿದ್ವು, ಹದಿನಾಲ್ಕು, ನಾನೇ ಎಣಿಸಿದ್ದು. ಆರರ ಬಕಲ್ ಮುರಿದು ದಾರ ಕಟ್ಟಿದ್ದರು. ಎಂಜಿನ್ ಮೇಲೆ ಕಿಲ್ ಸ್ವಿಚ್ಚಿನ ಜಾಗ ಇತ್ತು, ಕೆಂಪು ಕ್ಲಿಪ್ಪನ್ನ ಅದಕ್ಕೇ ಸಿಕ್ಕಿಸಿ, ದಾರವನ್ನ ಎಂಜಿನ್‌ಗೇ ಸುತ್ತಿಟ್ಟಿದ್ದರು. ಬೋಟ್ ಓಡಿಸೋ ಹುಡುಗ ಮರಾಠಿಯಲ್ಲಿ ಹೇಳಿದ, "ಕಾಲಿಗೆ ಅಡ್ಡ ಬರುತ್ತೆ ದಾದಾ." ಹತ್ತೊಂಬತ್ತು ವರ್ಷ ಇರಬಹುದು. ದಿನಕ್ಕೆ ನಲವತ್ತು ಟ್ರಿಪ್ ಹೊಡೀಬೇಕು ಅವನು. ಅವನ ಮೇಲೆ ನಂಗೆ ಸಿಟ್ಟು ಬರಲಿಲ್ಲ, ಅವನಿಗೂ ಯಾರೋ ನಿಮಿಷದ ಲೆಕ್ಕ ಹಾಕಿದ್ದಾರೆ. ನಾನು ದಾರ ಬಿಚ್ಚಿ ಅವನ ಬೆಲ್ಟಿಗೆ ಸಿಕ್ಕಿಸು ಅಂದೆ, ಆರು ಜಾಕೆಟ್ ಪಕ್ಕಕ್ಕಿಟ್ಟು ಎಂಟೆಂಟು ಜನ ಎರಡು ಟ್ರಿಪ್ ಹೋಗೋಣ ಅಂದೆ. ಮ್ಯಾನೇಜರ್ ಕೌಂಟರಿಂದ ಬಂದು ಎರಡನೇ ಟ್ರಿಪ್ಪಿಗೆ ಬೇರೆ ದುಡ್ಡು ಕೇಳಿದರು. ಕೊಟ್ವಿ. ತಲೆಗೆ ನೂರೈವತ್ತು ರೂಪಾಯಿ.

2024ರ ಜನವರಿ 18, ವಡೋದರಾದ ಹರಣಿ ಕೆರೆ: ಶಾಲಾ ಪ್ರವಾಸದ ಬೋಟ್ ಮಗುಚಿ ಹನ್ನೆರಡು ಮಕ್ಕಳು, ಇಬ್ಬರು ಟೀಚರ್‌ಗಳು ಹೋದರು. ಬೋಟಲ್ಲಿ ಹಿಡಿಸೋದಕ್ಕಿಂತ ಹೆಚ್ಚು ಜನ. ಅದೇ ವರ್ಷ ಡಿಸೆಂಬರ್ 18, ಮುಂಬೈ: ಗೇಟ್‌ವೇಯಿಂದ ಎಲಿಫೆಂಟಾಗೆ ಹೊರಟ ನೀಲ್ ಕಮಲ್ ಫೆರ್ರಿಗೆ, ಎಂಜಿನ್ ಪರೀಕ್ಷೆ ನಡೆಸ್ತಿದ್ದ ನೌಕಾಪಡೆಯ ಸ್ಪೀಡ್‌ಬೋಟ್ ನಿಯಂತ್ರಣ ತಪ್ಪಿ ಗುದ್ದಿತು. ಹದಿಮೂರಕ್ಕೂ ಹೆಚ್ಚು ಜನ ಸತ್ತರು. ಆ ಫೆರ್ರಿಯಲ್ಲಿ ನಾವೆಲ್ಲ ಊರಿಂದ ಬಂದ ನೆಂಟರನ್ನ ಕರ್ಕೊಂಡು ಹೋದವರೇ. ನಮ್ಮಲ್ಲೂ 2021ರ ಇನ್‌ಲ್ಯಾಂಡ್ ವೆಸೆಲ್ಸ್ ಕಾಯ್ದೆ ಇದೆ, ಬೋಟಿಗೆ ನೋಂದಣಿ, ತಪಾಸಣೆ ಎಲ್ಲ ಇದೆ. ಆದ್ರೆ ಹೊರಡೋ ಮೊದಲು ಪ್ರತಿ ಬೋಟನ್ನೂ ನಿಲ್ಲಿಸಿ ದಾರ ಎಳೆದು ನೋಡೋ ಆ ಅಧಿಕಾರಿ ದಡದಲ್ಲಿ ಇಲ್ಲ. ಸದ್ಯಕ್ಕೆ ಆ ಕೆಲಸ ಟಿಕೆಟ್ ತಗೊಂಡವರದ್ದೇ.

ಪ್ರಶ್ನೆಗಳಿದ್ದರೆ ಕೇಳಿ.

ಪ್ರಶ್ನೆ: ನೀರಿಗೆ ಬಿದ್ದವರನ್ನ ಮೇಲೆ ಎಳೆಯೋದು ಹೇಗೆ? ಏಣಿ ಇಲ್ಲದ ಬೋಟಲ್ಲಿ?

ಮೊದಲು ಎಂಜಿನ್ ಆಫ್. ನ್ಯೂಟ್ರಲ್ ಅಲ್ಲ, ಆಫ್. ಪಕ್ಕದಿಂದ ಎಳೆದರೆ ಚಿಕ್ಕ ಬೋಟ್ ವಾಲಿ ಎಲ್ಲರೂ ನೀರಿಗೆ. ಹಿಂದಿನಿಂದ ಹತ್ತಿಸಬೇಕು. ಬ್ಯಾಸ್ ಬೋಟಿನವರು ಒಂದು ಉಪಾಯ ಮಾಡ್ತಾರೆ: ಎಂಜಿನ್ ನಿಂತ ಮೇಲೆ, ಪ್ರೊಪೆಲ್ಲರ್ ಮೇಲ್ಗಡೆ ಒಂದು ಚಪ್ಪಟೆ ತಟ್ಟೆ ಇರುತ್ತಲ್ಲ, ಅದರ ಮೇಲೆ ನಿಂತು, ಎಂಜಿನ್ ಮೇಲಿನ ಟ್ರಿಮ್ ಬಟನ್ ಒತ್ತೋದು. ಎಂಜಿನ್ ಲಿಫ್ಟ್ ಥರ ಮೇಲೆ ಎತ್ತುತ್ತೆ. ಒಬ್ಬರೇ ಇದ್ದರೂ ಆಗುತ್ತೆ. ಬಿದ್ದವರು ಗಾಬರಿಯಲ್ಲಿ ಒದ್ದಾಡ್ತಿದ್ದರೆ ನೀವು ಹಾರಬೇಡಿ, ತೇಲೋದು ಏನಾದರೂ ಎಸೀರಿ. ಜಾಕೆಟ್, ಮುಚ್ಚಿದ ಖಾಲಿ ಕ್ಯಾನು, ಬಿಸ್ಲೇರಿಯ ಇಪ್ಪತ್ತು ಲೀಟರ್ ಬಾಟಲ್, ಏನಾದರೂ.

ಪ್ರಶ್ನೆ: ಜಾಕೆಟ್ ಸ್ವಂತದ್ದು ತಗೊಂಡ್ರೆ ಒಳ್ಳೇದಾ? ನಾವು ವರ್ಷಕ್ಕೆ ಒಂದೆರಡು ಸಲ ಹೋಗೋರು. ಮಗಳಿಗೆ ಆರು ವರ್ಷ.

ಮಗಳಿಗೆ ಖಂಡಿತ ತಗೊಳ್ಳಿ ಮೇಡಂ. ರೆಸಾರ್ಟಲ್ಲಿ ಮಕ್ಕಳ ಸೈಜ್ ಸಾಮಾನ್ಯವಾಗಿ ಇರೋದೇ ಇಲ್ಲ, ದೊಡ್ಡವರದ್ದನ್ನೇ ಹಾಕಿ ಬಿಗೀತಾರೆ. ಅದರಿಂದ ಮಗು ನೀರಲ್ಲಿ ಕೆಳಗೆ ಜಾರಿ ಹೋಗುತ್ತೆ. ಮಕ್ಕಳದ್ದಕ್ಕೆ ಕಾಲ ನಡುವೆ ಬರೋ ಪಟ್ಟಿ, ಕತ್ತಿನ ಹಿಂದೆ ತಲೆಗೆ ಆಧಾರ, ಹಿಡಿದು ಎತ್ತೋಕೆ ಒಂದು ಹಿಡಿಕೆ ಇರಬೇಕು. ಲೇಬಲ್ ಮೇಲೆ ಐಎಸ್ಒ 12402 ಅಂತ, ಪಕ್ಕದಲ್ಲಿ ನ್ಯೂಟನ್ ಸಂಖ್ಯೆ ನೋಡಿ. 50 ಅಂದ್ರೆ ದಡದ ಹತ್ರ ಈಜು ಬರೋವರಿಗೆ. ಈಜು ಬಾರದ ಮಗುವಿಗೆ 100 ತಗೊಳ್ಳಿ. ತೂಕದ ರೇಂಜ್ ಬರೆದಿರುತ್ತೆ, ವಯಸ್ಸು ನೋಡಬೇಡಿ, ತೂಕ ನೋಡಿ. "ಮುಂದಿನ ವರ್ಷಕ್ಕೂ ಆಗುತ್ತೆ" ಅಂತ ಒಂದು ಸೈಜ್ ದೊಡ್ಡದು ತರೋ ನಮ್ಮ ಅಭ್ಯಾಸ ಇದಕ್ಕೊಂದಕ್ಕೆ ಬೇಡ. ಮನೇಲೇ ಹಾಕಿಸಿ, ಹೆಗಲ ಹತ್ರ ಹಿಡಿದು ಮೇಲಕ್ಕೆ ಎಳೆದು ನೋಡಿ. ಗಲ್ಲ ದಾಟಿ ಮೇಲೆ ಬರಬಾರದು.

ಚಹಾ ಬಂತು ಅಂತಿದ್ದಾರೆ. ಹೊರಗಡೆ ಟೇಬಲ್ ಮೇಲೆ ಒಂದು ಕೆಂಪು ದಾರ, ಎರಡು ಜಾಕೆಟ್ ಇಟ್ಟಿದ್ದೀನಿ, ಮುಟ್ಟಿ ನೋಡಿ, ಹಾಕಿ ನೋಡಿ.